ಅಣ್ವಸ್ತ್ರಧಾರಿ ಆಕ್ರಮಣಕಾರನ ವಿರುದ್ಧ ಸೇನಾಕ್ರಮ: ಅದರ ಅಪಾಯಗಳು

ಪರಮಾಣು ಅಸ್ತ್ರಗಳನ್ನು ಸಂಚಯಿಸಿಟ್ಟುಕೊಂಡಿರುವ ರಾಷ್ಟ್ರವೊಂದು ಪರರ ನೆಲವನ್ನು ಅತಿಕ್ರಮಿಸಿದಾಗ, ಅಥವಾ ತನ್ನ ಆಶ್ರಯದಲ್ಲಿ ಬೆಳೆದ ಸಶಸ್ತ್ರ ತಂಡಗಳ ಮೂಲಕ ನೆರೆಯವರ ಮೇಲೆ ಹಿಂಸೆಯನ್ನೆಸಗಿದಾಗ, ಅದನ್ನು ಬಲಪ್ರಯೋಗದಿಂದ ತಡೆಯಹೊರಟವರು ಎದುರಿಸಬೇಕಾಗುವ ವಿಪತ್ತುಗಳು ಈ ಲೇಖನದ ವಿಷಯ. ಇದರಲ್ಲಿ ಎರಡು ಪ್ರಕಾರಗಳುಂಟು: ಆಕ್ರಮಣಕ್ಕೆ ಗುರಿಯಾದ ರಾಷ್ಟ್ರ ತಾನೇ ಪ್ರತಿಕ್ರಮ ಕೈಗೊಳ್ಳುವುದು ಒಂದು, ಮೂರನೆಯವರು ಪೀಡಿತನ ಪರವಾಗಿ ರಣರಂಗಕ್ಕಿಳಿಯುವುದು ಇನ್ನೊಂದು. 1998ರ ಅನಂತರದ ಭಾರತ-ಪಾಕಿಸ್ತಾನಗಳ ಸಂಘರ್ಷಗಳು ಮೊದಲನೆಯದಕ್ಕೂ, 2022ರಿಂದ ಈಚಿನ ಉಕ್ರೇನ್ ಯುದ್ಧದಲ್ಲಿ ಪಾಶ್ಚಾತ್ಯ ರಾಷ್ಟ್ರಗಳು ತಾಳಿದ ನಿಲುವು ಎರಡನೆಯದಕ್ಕೂ ಉದಾಹರಣೆಗಳು. ಗಡಿಯಿಂದ ಬಹುದೂರದಲ್ಲಿರುವ ಹುಬ್ಬಳ್ಳಿ-ಧಾರವಾಡ ಪ್ರದೇಶಕ್ಕೆ ಈ ವಿಚಾರ ಪರದೇಶದ ಸುದ್ದಿಯೆಂದು ಮೇಲ್ನೋಟಕ್ಕೆ ತೋರಬಹುದಾದರೂ, ಈ ಎರಡೂ ಪ್ರಕಾರಗಳ ಋಣ ಇಲ್ಲಿಯ ಮನೆಗಳ ಮೇಲೆ ಬಿದ್ದಿದೆಯೆಂಬುದನ್ನು ಮುಂದೆ ಕಾಣಬಹುದು.

ಯುದ್ಧಕ್ಕೆ ಹೋಗುವುದೋ ಬಿಡುವುದೋ ಎಂಬ ತೂಕದ ವಿದ್ಯೆ ನಮ್ಮಲ್ಲಿ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಗಳಿಂದ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ, ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನವಾದ ಫಲವೇ ದೊರೆಯುವಂತಿದ್ದರೆ ಸಂಧಿಯನ್ನೇ ಆಯ್ದುಕೊಳ್ಳಬೇಕೆಂದೂ, ಏಕೆಂದರೆ ವಿಗ್ರಹದಲ್ಲಿ ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯಗಳು ತಪ್ಪವೆಂದೂ ವಿಧಿಸಿದೆ. ಸೈನ್ಯ ಸವೆಯುತ್ತದೆ, ಬೊಕ್ಕಸ ಬರಿದಾಗುತ್ತದೆ, ಮನೆಬಿಟ್ಟು ಅಲೆಯಬೇಕಾಗುತ್ತದೆ, ಕೇಡು ಮೇಲೆ ಬರುತ್ತದೆ. ಆದರೂ ಇವೆಲ್ಲ ಎಣಿಸಬಹುದಾದ ನಷ್ಟಗಳು. ಲಾಭನಷ್ಟಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ನೋಡುವ ಈ ಶಾಸ್ತ್ರಕ್ಕೆ, ಒಂದು ತಟ್ಟೆಯಲ್ಲಿ ತಕ್ಕಡಿಯನ್ನೇ ಮುರಿಯುವಂಥ ವಸ್ತು ಕುಳಿತಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಎದುರಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಯುದ್ಧಮೀಮಾಂಸಕರು ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಯ ಮೇಲೆ. ಅವರಲ್ಲಿ ಗ್ಲೆನ್ ಸ್ನೈಡರ್ 1965ರಲ್ಲಿ ಪ್ರತಿಪಾದಿಸಿದ ವಿರೋಧಾಭಾಸವೊಂದು ನಮ್ಮ ಉಪಖಂಡಕ್ಕೆ ಹೇಳಿಮಾಡಿಸಿದಂತಿದೆ: ಉಭಯಪಕ್ಷಗಳಲ್ಲಿಯೂ ಮಹಾಸ್ತ್ರವಿದ್ದು ಮಹಾಯುದ್ಧ ಅಸಂಭವವೆಂದು ಇಬ್ಬರಿಗೂ ನಂಬಿಕೆ ಬಂದಷ್ಟೂ, ಆ ನಂಬಿಕೆಯ ನೆರಳಿನಲ್ಲಿ ಸಣ್ಣ ಯುದ್ಧಗಳನ್ನು ಹೂಡುವ ಧೈರ್ಯ ಹೆಚ್ಚುತ್ತದೆ. ಥಾಮಸ್ ಶೆಲಿಂಗ್ ಇದಕ್ಕೆ ಮತ್ತೊಂದು ಮಾತನ್ನು ಸೇರಿಸಿದರು. ಅಣ್ವಸ್ತ್ರದ ಭಯ ಯಾರೋ ಒಬ್ಬ ನಾಯಕನ ಶಾಂತಚಿತ್ತದ ನಿರ್ಧಾರಕ್ಕಿಂತ ಹೆಚ್ಚಾಗಿ, ಯಾರ ನಿರ್ಧಾರವೂ ಅಲ್ಲದೆ ಪರಿಸ್ಥಿತಿ ಕೈತಪ್ಪಬಹುದೆಂಬುದರಲ್ಲಿದೆಯೆಂಬುದು ಅವರ ಅಭಿಪ್ರಾಯ.

ಸ್ನೈಡರ್ ಹೇಳಿದ್ದನ್ನು ಕಾರ್ಗಿಲ್ ಯುದ್ಧ ಅಕ್ಷರಶಃ ನಡೆಸಿ ತೋರಿಸಿತು. 1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನಿನಲ್ಲಿಯೂ, ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನ ಬಲೂಚಿಸ್ತಾನದಲ್ಲಿಯೂ ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿದವು. 1999ರ ಫೆಬ್ರವರಿ 21ರಂದು ಉಭಯ ರಾಷ್ಟ್ರಗಳು ಶಾಂತಿಯನ್ನು ಕೋರಿದ ಲಾಹೋರ್ ಘೋಷಣೆಗೆ ಸಹಿ ಬಿತ್ತು. ಆ ಸಹಿಯ ಶಾಯಿ ಆರುವ ಮೊದಲೇ ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು ಗಡಿ ನಿಯಂತ್ರಣ ರೇಖೆಯನ್ನು ದಾಟಿ, ಚಳಿಗಾಲದಲ್ಲಿ ತೆರವಾಗಿರುತ್ತಿದ್ದ ಶಿಖರಗಳನ್ನೇರಿ ಕುಳಿತು, ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯನ್ನು ತಮ್ಮ ಗುಂಡಿನಳತೆಗೆ ತಂದುಕೊಂಡಿದ್ದರು. ಮೇ ಮೊದಲ ವಾರದಲ್ಲಿ ಇದು ತಿಳಿಯಿತು. ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿಯೂ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿಯೂ ಇದ್ದ ಸರ್ಕಾರ ಮೇ ಕೊನೆಯ ವಾರದಲ್ಲಿ ವಾಯುಪಡೆಯನ್ನು ಬಳಸಲು ಅನುಮತಿಯಿತ್ತು. ಆ ಅನುಮತಿಗೆ ಒಂದು ಕಟ್ಟಳೆ ಅಂಟಿಕೊಂಡಿತ್ತು. ವಿಮಾನವಾಗಲಿ ಸೈನಿಕನಾಗಲಿ ಗಡಿ ನಿಯಂತ್ರಣ ರೇಖೆಯನ್ನು ದಾಟತಕ್ಕದ್ದಲ್ಲ.

ಈ ಕಟ್ಟಳೆಯ ಅರ್ಥ ದಿಲ್ಲಿಯ ಮೇಜಿನ ಮೇಲೆ ಒಂದು, ದ್ರಾಸ್‌ನ ಬಂಡೆಗಳ ಮೇಲೆ ಇನ್ನೊಂದು. ಬೆಟ್ಟದ ತುದಿಯಲ್ಲಿ ನೆಲೆಯೂರಿದ ಶತ್ರುವನ್ನು ತೆಗೆಯಲು ಸೇನಾಪಾಠ ಹೇಳುವುದು, ಅವನ ಬೆನ್ನಿಗೆ ಹೋಗಿ ಅನ್ನ-ಮದ್ದುಗುಂಡುಗಳ ದಾರಿ ಕಡಿಯಬೇಕೆಂದು. ಆದರೆ ಬೆನ್ನಿಗೆ ಹೋಗುವ ದಾರಿಗಳಲ್ಲಿ ಬಹಳಷ್ಟು ರೇಖೆಯ ಆಚೆಗಿದ್ದುವು. ಹೀಗಾಗಿ ಸುಮಾರು ಹದಿನಾರು ಸಾವಿರ ಅಡಿ ಎತ್ತರದ ತೋಲೋಲಿಂಗ್‌ನಂಥ ಬೆಟ್ಟಗಳನ್ನು, ಮರೆಗೆ ಒಂದು ಗಿಡವೂ ಇಲ್ಲದ ಇಳಿಜಾರಿನಲ್ಲಿ, ಮೇಲಿದ್ದವನ ಗುಂಡಿಗೆ ಎದುರಾಗಿ, ಕತ್ತಲಲ್ಲಿ ಕಾಲೂರಿ ಏರುವುದೇ ಉಳಿದ ಉಪಾಯವಾಯಿತು. ಮೇ ತಿಂಗಳಲ್ಲಿ ನಡೆದ ಯತ್ನಗಳು ಫಲಿಸಲಿಲ್ಲ. ಕೊನೆಗೆ ಜೂನ್ 13ರ ಬೆಳಗಿನ ಜಾವ ತೋಲೋಲಿಂಗನ್ನು ಗೆದ್ದುಕೊಂಡದ್ದು ಎರಡನೆಯ ರಜಪುತಾನಾ ರೈಫಲ್ಸ್ ಪಡೆ. ಅದರ ದಂಡನಾಯಕರು ಕನ್ನಡಿಗರೇ ಆದ ಎಂ. ಬಿ. ರವೀಂದ್ರನಾಥ್, ಇದಕ್ಕಾಗಿ ವೀರಚಕ್ರ ಪಡೆದವರು. ವಾಯುಪಡೆಯದೂ ಇದೇ ಕಥೆ: ಇಕ್ಕಟ್ಟಾದ ಕಣಿವೆಗಳಲ್ಲಿ ರೇಖೆಯನ್ನು ಮೀರದಂತೆ ತಿರುವು ತೆಗೆದುಕೊಳ್ಳಬೇಕಾಗಿ, ದಾಳಿಯ ದಿಕ್ಕುಗಳೇ ಕೆಲವಾದುವು. ಮೊದಲ ಮೂರು ದಿನಗಳಲ್ಲಿ ಒಂದು ಮಿಗ್-21, ಒಂದು ಮಿಗ್-27, ಒಂದು ಎಂಐ-17 ಹೆಲಿಕಾಪ್ಟರ್ ನಷ್ಟವಾದುವು. ಅನಂತರ ಮಿರಾಜ್-2000 ವಿಮಾನಗಳು ಎತ್ತರದಿಂದ ಲೇಸರ್ ನಿರ್ದೇಶಿತ ಬಾಂಬುಗಳನ್ನು ಹಾಕತೊಡಗಿದುವು, ಬೋಫೋರ್ಸ್ ಫಿರಂಗಿಗಳು ಶಿಖರಗಳಿಗೆ ನೇರವಾಗಿ ಗುರಿಯಿಟ್ಟುವು. ಜುಲೈ 4ರಂದು ಟೈಗರ್ ಹಿಲ್ ಕೈಸೇರಿತು, ಅದೇ ದಿನ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ನರ ಮುಂದೆ ಕುಳಿತ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಸೈನ್ಯವನ್ನು ಹಿಂದೆಗೆಯಲು ಒಪ್ಪಿದರು, ಜುಲೈ 26ರಂದು ಯುದ್ಧ ಮುಗಿದಂತಾಯಿತು. ಅಧಿಕೃತ ಲೆಕ್ಕದಂತೆ ಭಾರತದ 527 ಯೋಧರು ಮಡಿದರು.

ರೇಖೆಯನ್ನು ದಾಟದೆ ಉಳಿದದ್ದರಿಂದ ಜಗತ್ತಿನ ಅಭಿಪ್ರಾಯ ಭಾರತದ ಕಡೆಗೆ ವಾಲಿತು, ಯುದ್ಧ ಹಬ್ಬಲಿಲ್ಲ; ಇದನ್ನು ಸಂಯಮದ ವಿಜಯವೆಂದು ಬಣ್ಣಿಸುವವರ ಮಾತು ಸರಿಯೇ. ಆದರೆ ಸಂಯಮವೆಂಬುದು ಬೆಲೆಯಿಲ್ಲದೆ ದೊರೆಯುವ ಸದ್ಗುಣವೆಂದು ಭಾವಿಸುವುದು ಸಲ್ಲದು. ಅಣ್ವಸ್ತ್ರದ ಅಪಾಯವನ್ನು ಕಡಿಮೆ ಮಾಡಿಕೊಳ್ಳಲೆಂದು ರಾಜ್ಯ ಹಾಕಿಕೊಂಡ ಗೆರೆಯ ತೆರಿಗೆಯನ್ನು ಪದಾತಿ ಸೈನಿಕ ಕಟ್ಟಿದ. ಧಾರವಾಡದ ಕಾರ್ಗಿಲ್ ಸ್ತೂಪದ ಮುಂದೆ ಜುಲೈ 26ರಂದು ಸೇರುವ ಮಾಜಿ ಸೈನಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಪತ್ರಿಕೆಗಳಲ್ಲಿ ಯುದ್ಧವನ್ನು ಓದುವ ನಮ್ಮಂಥವರಿಗೆ.

ಅದಿರಲಿ, ಆ ಬೇಸಗೆಯಲ್ಲಿ ಅಣ್ವಸ್ತ್ರದ ಅಪಾಯ ನಿಜವಾಗಿ ಎಷ್ಟಿತ್ತೆಂಬುದು ಇಂದಿಗೂ ವಿವಾದಗ್ರಸ್ತ. ಪಾಕಿಸ್ತಾನ ತನ್ನ ಅಣ್ವಸ್ತ್ರಗಳನ್ನು ನಿಯೋಜನೆಗೆ ಸಜ್ಜುಗೊಳಿಸುತ್ತಿತ್ತೆಂದು ಅಮೆರಿಕಕ್ಕೆ ಸುಳಿವಿತ್ತೆಂಬುದಾಗಿ, ಕ್ಲಿಂಟನ್ನರ ಸಲಹೆಗಾರರಾಗಿದ್ದ ಬ್ರೂಸ್ ರೀಡೆಲ್ 2002ರಲ್ಲಿ ಬರೆದರು. ಆಗಿನ ಪಾಕ್ ಸೇನಾಮುಖ್ಯಸ್ಥ ಪರ್ವೇಜ್ ಮುಷರಫ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಅಲ್ಲಗಳೆದು, 1999ರಲ್ಲಿ ತಮ್ಮ ಅಣುಶಕ್ತಿ ಕಾರ್ಯಸಿದ್ಧವೇ ಆಗಿರಲಿಲ್ಲವೆಂದರು. ಇಬ್ಬರಲ್ಲಿ ಯಾರ ಮಾತು ದಿಟವೆಂಬುದಕ್ಕಿಂತ, ಎದುರಾಳಿಯ ಕೈಯಲ್ಲಿರುವುದು ಬಳಸಲು ಸಿದ್ಧವಾದ ಅಸ್ತ್ರವೋ ಬರಿಯ ಬೆದರಿಕೆಯೋ ಎಂಬುದನ್ನು ಯುದ್ಧ ನಡೆಯುತ್ತಿರುವಾಗ ತಿಳಿಯುವ ದಾರಿಯೇ ಇಲ್ಲದಿದ್ದುದು ಮುಖ್ಯವಾದ ಸಂಗತಿ.

ಕಾರ್ಗಿಲ್‌ನ ಒಂದು ಪರಿಣಾಮ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ಹದಿನೇಳು ವರ್ಷಗಳ ಬಳಿಕ ಬಂದು ತಟ್ಟಿತು. 1984ರ ಏಪ್ರಿಲ್ 13ರಂದು ಭಾರತ ಸಿಯಾಚಿನ್ ಹಿಮನದಿಯ ಮೇಲಿನ ಎತ್ತರಗಳನ್ನು ಹಿಡಿದಂದಿನಿಂದ, ಅಲ್ಲಿಂದ ಉಭಯ ಸೈನ್ಯಗಳೂ ಕೆಳಗಿಳಿಯುವ ವಿಚಾರ ಹಲವು ಸಲ ಮಾತುಕತೆಯಲ್ಲಿ ಬಂದಿತ್ತು. ಲೇಹ್‌ನ ಹೆದ್ದಾರಿಯನ್ನು ಕಡಿದು ಸಿಯಾಚಿನ್ನಿನ ಸರಬರಾಜನ್ನು ನಿಲ್ಲಿಸುವುದು ಕಾರ್ಗಿಲ್ ಅತಿಕ್ರಮಣದ ಉದ್ದೇಶಗಳಲ್ಲೊಂದಾಗಿತ್ತು. ಚಳಿಗಾಲಕ್ಕೆ ತೆರವು ಮಾಡಿದ ಶಿಖರವನ್ನು ನೆರೆಯವನು ಏರಿ ಕುಳಿತುಕೊಳ್ಳಬಲ್ಲನೆಂಬುದು ಒಮ್ಮೆ ಸಿದ್ಧವಾದ ಮೇಲೆ, ಇಳಿಯುವ ಮಾತಿಗೆ ದಿಲ್ಲಿಯಲ್ಲಿ ಕಿವಿಗೊಡುವವರು ವಿರಳರಾದರು. 2003ರ ನವೆಂಬರಿನಿಂದ ಅಲ್ಲಿ ಗುಂಡಿನ ಸದ್ದು ನಿಂತಿದ್ದರೂ ಠಾಣೆಗಳು ನಿಂತೇ ಇದ್ದುವು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹಿಮವನ್ನು ಕತ್ತರಿಸಿ ತೆಗೆದಾಗ ಅವರಲ್ಲೊಬ್ಬರಾದ, ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದರು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅವರ ಅಂತಿಮದರ್ಶನಕ್ಕೆ ಊರೂರುಗಳಿಂದ ಜನ ಬಂದು ನಿಂತರು. ಯಾವ ಶತ್ರುವಿನ ಗುಂಡೂ ಇಲ್ಲದ ಈ ಮರಣವನ್ನು ಯುದ್ಧದ ಲೆಕ್ಕಕ್ಕೆ ಸೇರಿಸುವ ಪದ್ಧತಿಯಿಲ್ಲ. ಆದರೆ ಗೆದ್ದುಕೊಳ್ಳಲೂ ಆಗದ, ಬಿಟ್ಟುಕೊಡಲೂ ಆಗದ ಗಡಿಯನ್ನು ಅನಿರ್ದಿಷ್ಟಕಾಲ ಕಾಯುತ್ತ ಕುಳಿತಿರಬೇಕಾದ ಸ್ಥಿತಿಯನ್ನೂ ಈ ವಿಷಯದ ಅಪಾಯಗಳಲ್ಲಿ ಸೇರಿಸಬೇಕೆಂಬುದು ಪ್ರಸ್ತುತ ಲೇಖಕನ ಮತ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆದಾಗ ಭಾರತ ತನ್ನ ಸೈನ್ಯದ ಬಹುಭಾಗವನ್ನು ಗಡಿಗೆ ಸಾಗಿಸಿ ಹತ್ತು ತಿಂಗಳು ಅಲ್ಲಿಯೇ ನಿಲ್ಲಿಸಿ, 2002ರ ಅಕ್ಟೋಬರಿನಲ್ಲಿ ಯುದ್ಧವಿಲ್ಲದೆ ಹಿಂದೆ ಕರೆಸಿಕೊಂಡಿತು. ದೊಡ್ಡ ಸೈನ್ಯ ಗಡಿ ಸೇರಲು ಮೂರು ವಾರಗಳು ಹಿಡಿದುವು, ಅಷ್ಟರಲ್ಲಿ ಹೊರಗಿನವರ ಒತ್ತಡ ಬಂತು. ಇದಕ್ಕೆ ಪರಿಹಾರವೆಂದು, ಸಣ್ಣ ಪಡೆಗಳು ಕ್ಷಿಪ್ರವಾಗಿ ಗಡಿದಾಟಿ ಅಣ್ವಸ್ತ್ರದ ಹೊಸ್ತಿಲನ್ನು ಮುಟ್ಟದೆ ನಿಲ್ಲಬೇಕೆಂಬ ಯೋಜನೆ 2004ರ ಸುಮಾರಿಗೆ ಭಾರತದಲ್ಲಿ ಚರ್ಚೆಗೆ ಬಂದರೆ, ಅದಕ್ಕೆ ಮರುತ್ತರವಾಗಿ ಪಾಕಿಸ್ತಾನ 2011ರ ಏಪ್ರಿಲಿನಲ್ಲಿ ಕೇವಲ 60 ಕಿಲೋಮೀಟರ್ ವ್ಯಾಪ್ತಿಯ ನಸ್ರ್ ಕ್ಷಿಪಣಿಯನ್ನು ಪರೀಕ್ಷಿಸಿ, ರಣಾಂಗಣದಲ್ಲೇ ಬಳಸಬಹುದಾದ ಅಣ್ವಸ್ತ್ರ ತನ್ನಲ್ಲುಂಟೆಂದು ಸಾರಿತು. ಹೊಸ್ತಿಲಿನ ಈಚೆಗೆ ಜಾಗ ಹುಡುಕಿದವನಿಗೆ ಎದುರಾಳಿ ಹೊಸ್ತಿಲನ್ನೇ ಮುಂದಕ್ಕೆ ತಂದಿಟ್ಟ. ಭಾರತ ತಾನಾಗಿ ಮೊದಲು ಅಣ್ವಸ್ತ್ರ ಪ್ರಯೋಗಿಸುವುದಿಲ್ಲವೆಂದು 2003ರ ಜನವರಿಯಲ್ಲಿ ಅಧಿಕೃತವಾಗಿ ಘೋಷಿಸಿದೆ. ಪಾಕಿಸ್ತಾನ ಅಂಥ ವಚನ ಕೊಟ್ಟಿಲ್ಲ.

ಮುಂದಿನ ದಶಕದ ಇತಿಹಾಸವನ್ನು ಭೂಪಟದ ಮೇಲೆ ಓದುವುದು ಉತ್ತಮ. ಉರಿ ದಾಳಿಯ ಬಳಿಕ 2016ರ ಸೆಪ್ಟೆಂಬರ್ 29ರಂದು ನಡೆದ ಸರ್ಜಿಕಲ್ ಸ್ಟ್ರೈಕ್ ಗಡಿ ನಿಯಂತ್ರಣ ರೇಖೆಯ ಆಸುಪಾಸಿಗೆ ಸೀಮಿತವಾಗಿತ್ತು. ಪುಲ್ವಾಮಾ ದಾಳಿಯ ಬಳಿಕ 2019ರ ಫೆಬ್ರವರಿ 26ರಂದು ವಿಮಾನಗಳು ಖೈಬರ್ ಪಖ್ತೂನ್‌ಖ್ವಾದ ಬಾಲಾಕೋಟ್‌ವರೆಗೆ ಗುರಿಯಿಟ್ಟುವು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಕೊಂದರು. ಕರ್ನಾಟಕದಿಂದ ಪ್ರವಾಸ ಹೋದವರೂ ಅವರಲ್ಲಿದ್ದರು. ಮೇ 7ರಂದು ಭಾರತ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಬಹಾವಲ್ಪುರ, ಮುರೀದ್ಕೆಗಳನ್ನೂ ಒಳಗೊಂಡು ಒಂಬತ್ತು ಕಡೆ ಭಯೋತ್ಪಾದಕ ನೆಲೆಗಳ ಮೇಲೆ ದಾಳಿಮಾಡಿತು, ಮೂರು ದಿನಗಳೊಳಗಾಗಿ ಅದು ವಾಯುನೆಲೆಗಳ ತನಕ ಬೆಳೆಯಿತು, ಮೇ 10ರ ಸಂಜೆ ಕದನ ನಿಂತಿತು. ಪ್ರತಿಯೊಂದು ಸಲವೂ ಹಿಂದಿನ ಸಲಕ್ಕಿಂತ ಒಳಗೆ, ಹಿಂದಿನ ಸಲಕ್ಕಿಂತ ದೊಡ್ಡದು. ಪ್ರತಿಯೊಂದು ಸಲವೂ ಅಣ್ವಸ್ತ್ರದ ಮಾತು ಮಾತಾಗಿಯೇ ಉಳಿಯಿತು. ಇದರಿಂದ ಎದುರಾಳಿಯ ಬೆದರಿಕೆ ಪೊಳ್ಳೆಂದು ಸಿದ್ಧವಾಯಿತೆಂದು ಸಾಧಿಸುವವರು ನಮ್ಮಲ್ಲಿ ಅನೇಕರಿದ್ದಾರೆ, ಅವರಲ್ಲಿ ತಿಳಿವಳಿಕೆಯುಳ್ಳವರೂ ಇದ್ದಾರೆ. ಆ ತರ್ಕದಲ್ಲಿ ಒಂದಂಶ ಸತ್ಯವುಂಟು: ಬೆದರಿಕೆಯ ಮುಂದೆ ಸದಾ ಮಣಿಯುವವನ ಮೇಲೆ ದಾಳಿಗಳು ನಿಲ್ಲುವುದಿಲ್ಲ. ಆದರೆ ನಿನ್ನೆಯ ದಾಳಿಗೆ ಮಹಾಸ್ತ್ರದ ಉತ್ತರ ಬರಲಿಲ್ಲವೆಂಬುದರಿಂದ ನಾಳಿನ ದೊಡ್ಡ ದಾಳಿಗೂ ಬಾರದೆಂದು ನಿಗಮಿಸಲು ಬರುವುದಿಲ್ಲ. ಏಕೆಂದರೆ ಎದುರಾಳಿಯ ಸಹನೆಯ ಮಿತಿ ಎಲ್ಲಿದೆಯೆಂಬುದು ಗೊತ್ತಾಗುವುದು ಅದನ್ನು ಮೀರಿದಾಗ ಮಾತ್ರ. ಸಾಲದುದಕ್ಕೆ, ಪ್ರತಿಯೊಂದು ಯಶಸ್ಸೂ ಮುಂದಿನ ಸರ್ಕಾರಕ್ಕೆ ಅದಕ್ಕಿಂತ ಕಡಿಮೆಯದನ್ನು ಮಾಡುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ಕಡಿಮೆ ಮಾಡಿದರೆ ಹೇಡಿತನವೆಂಬ ಅಪವಾದ ಕಾದಿರುತ್ತದೆ.

ಇನ್ನು ಆಕಸ್ಮಿಕಗಳ ಮಾತು. 1962ರ ಅಕ್ಟೋಬರಿನಲ್ಲಿ ಚೀನಾ ನಮ್ಮ ಹಿಮಾಲಯದ ಠಾಣೆಗಳ ಮೇಲೆ ಬಿದ್ದಿದ್ದ ದಿನಗಳಲ್ಲೇ ಕ್ಯೂಬಾದ ಬಿಕ್ಕಟ್ಟೂ ನಡೆದಿತ್ತು. ಆ ತಿಂಗಳ 27ರಂದು, ಅಮೆರಿಕದ ನೌಕೆಗಳು ಮೇಲಿನಿಂದ ಸಿಡಿಮದ್ದು ಹಾಕುತ್ತಿದ್ದಾಗ, ಅಣ್ವಸ್ತ್ರದ ಟಾರ್ಪಿಡೋ ಹೊತ್ತಿದ್ದ ಸೋವಿಯತ್ ಜಲಾಂತರ್ಗಾಮಿಯೊಂದರಲ್ಲಿ ಅದನ್ನು ಪ್ರಯೋಗಿಸುವ ವಿಚಾರ ಬಂದು, ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಒಪ್ಪದೆ ಅದು ತಪ್ಪಿತು. ಎರಡು ಕಡೆಯ ನಾಯಕರಾದ ಕೆನಡಿ, ಕ್ರುಶ್ಚೇವರಿಬ್ಬರಿಗೂ ಆಗ ಇದರ ಅರಿವಿರಲಿಲ್ಲ. ನಮ್ಮ ಕಡೆಯ ಉದಾಹರಣೆಗಳೂ ಕಡಿಮೆಯವಲ್ಲ. ಬಾಲಾಕೋಟ್‌ನ ಮರುದಿನ, 2019ರ ಫೆಬ್ರವರಿ 27ರ ಬೆಳಿಗ್ಗೆ, ಪಾಕಿಸ್ತಾನದ ವಿಮಾನಗಳು ಗಡಿಯಲ್ಲಿ ಕಾಣಿಸಿಕೊಂಡ ಗಡಿಬಿಡಿಯಲ್ಲಿ ಭಾರತದ್ದೇ ಕ್ಷಿಪಣಿ ಬಡ್‌ಗಾಮಿನ ಬಳಿ ಭಾರತದ್ದೇ ಎಂಐ-17 ಹೆಲಿಕಾಪ್ಟರನ್ನು ಹೊಡೆದುರುಳಿಸಿ, ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದು ದೊಡ್ಡ ಪ್ರಮಾದವೆಂದು ವಾಯುಪಡೆಯ ಮುಖ್ಯಸ್ಥರೇ ಅದೇ ವರ್ಷ ಒಪ್ಪಿಕೊಂಡರು. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ಮಿಯಾ ಚನ್ನೂ ಬಳಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಗಡಿ ಶಾಂತವಾಗಿದ್ದ ಕಾಲವಾದುದರಿಂದ ವಿಷಾದಸೂಚನೆಯಲ್ಲಿ ಮುಗಿಯಿತು. ಅದೇ ಕ್ಷಿಪಣಿ ಬಾಲಾಕೋಟ್‌ನ ಮರುದಿನ ಹಾರಿದ್ದರೆ ಅದನ್ನು ಅಚಾತುರ್ಯವೆಂದು ಯಾರು ನಂಬುತ್ತಿದ್ದರು?

ಮೂರನೆಯವರ ಮಧ್ಯಪ್ರವೇಶದ ಪ್ರಶ್ನೆ ಇದಕ್ಕಿಂತ ಭಿನ್ನವಾದುದು, ಏಕೆಂದರೆ ಅಲ್ಲಿ ಸುಮ್ಮನಿರುವ ಆಯ್ಕೆಯೂ ಉಂಟು. 1956ರಲ್ಲಿ ಹಂಗೆರಿಗೂ 1968ರಲ್ಲಿ ಚೆಕೊಸ್ಲೊವಾಕಿಯಕ್ಕೂ ಸೋವಿಯತ್ ಸೈನ್ಯ ನುಗ್ಗಿದಾಗ ಪಶ್ಚಿಮದ ರಾಷ್ಟ್ರಗಳು ಮಾತಿನಲ್ಲಿ ಖಂಡಿಸಿ ಕೈಕಟ್ಟಿ ಕುಳಿತವು. ಉಕ್ರೇನಿನ ವಿಷಯದಲ್ಲಿ ಅಷ್ಟಕ್ಕೆ ನಿಲ್ಲುವುದು ಕಷ್ಟವಾಗಿತ್ತು. ತನ್ನ ನೆಲದಲ್ಲಿ ಉಳಿದಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲೊಪ್ಪಿ, 1994ರ ಬುಡಾಪೆಸ್ಟ್ ಒಡಂಬಡಿಕೆಯಲ್ಲಿ ರಷ್ಯಾ, ಅಮೆರಿಕ, ಬ್ರಿಟನ್‌ಗಳಿಂದ ಭದ್ರತೆಯ ಭರವಸೆ ಪಡೆದ ದೇಶವದು. 2022ರ ಫೆಬ್ರವರಿ 24ರಂದು ರಷ್ಯಾ ದಂಡೆತ್ತಿ ಬಂತು, 27ರಂದು ಅದರ ಅಧ್ಯಕ್ಷ ಪುಟಿನ್ ತಮ್ಮ ಅಣ್ವಸ್ತ್ರ ಪಡೆಗಳಿಗೆ ವಿಶೇಷ ಸನ್ನದ್ಧತೆಯ ಆಜ್ಞೆಯಿತ್ತರು. ಆಕಾಶದಲ್ಲಿ ಹಾರಾಟ ನಿಷೇಧ ವಲಯವನ್ನು ಸ್ಥಾಪಿಸಿರೆಂದು ಉಕ್ರೇನ್ ಮೊರೆಯಿಟ್ಟಿತು. ಹಾಗೆ ಸ್ಥಾಪಿಸುವುದೆಂದರೆ ರಷ್ಯಾದ ವಿಮಾನಗಳನ್ನು ಹೊಡೆದುರುಳಿಸುವುದು, ಅದಕ್ಕೂ ಮೊದಲು ರಷ್ಯಾದ ನೆಲದಲ್ಲಿರುವ ರೇಡಾರ್‌ಗಳನ್ನೂ ಕ್ಷಿಪಣಿಗಳನ್ನೂ ನಾಶಮಾಡುವುದು. ಮಾರ್ಚ್ 4ರಂದು ಪಾಶ್ಚಾತ್ಯ ರಾಷ್ಟ್ರಗಳ ಸೇನಾಕೂಟವಾದ ನ್ಯಾಟೋ ಇದನ್ನು ನಿರಾಕರಿಸಿತು.

ಅದಕ್ಕೆ ಮೂರು ದಿನ ಹಿಂದೆ, ಮಾರ್ಚ್ 1ರಂದು, ಖಾರ್ಕೀವ್ ನಗರದಲ್ಲಿ ನೆಲಮಾಳಿಗೆಯ ಆಶ್ರಯದಿಂದ ದಿನಸಿಗೆಂದು ಹೊರಬಂದಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯಾದ ಶೆಲ್ ದಾಳಿಯಲ್ಲಿ ಮಡಿದಿದ್ದ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಹಾವೇರಿ ಸೀಮೆಯ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ಅವನ ಊರು. ಮಾರ್ಚ್ 21ರಂದು ದೇಹ ಊರಿಗೆ ಬಂತು, ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನಮಾಡಿದರು. ನ್ಯಾಟೋದ ನಿರಾಕರಣೆ ವಿವೇಕದ್ದೆಂದೇ ಈ ಲೇಖಕನ ಎಣಿಕೆ. ಆದರೂ ಆ ವಿವೇಕದ ದಿನಗಳಲ್ಲಿ ಖಾರ್ಕೀವಿನ ಬೀದಿಗಳಲ್ಲಿ ಸಾಲುಗಟ್ಟಿ ನಿಂತವರಿಗೆ ಆಕಾಶದಿಂದ ರಕ್ಷಣೆಯಿರಲಿಲ್ಲ. ಅನಂತರ ಪಶ್ಚಿಮದವರು ಹಿಡಿದ ಮಾರ್ಗ ಮೆಟ್ಟಿಲು ಮೆಟ್ಟಿಲಾಗಿ ಏರುವುದು: ಮೊದಲು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು, ಬಳಿಕ ದೂರದ ರಾಕೆಟ್ಟುಗಳು, 2023ರಲ್ಲಿ ಟ್ಯಾಂಕುಗಳು, 2024ರಲ್ಲಿ ಎಫ್-16 ವಿಮಾನಗಳು, ಅದೇ ವರ್ಷದ ನವೆಂಬರಿನಲ್ಲಿ ರಷ್ಯಾದ ಒಳನೆಲಕ್ಕೆ ಅಮೆರಿಕದ ಕ್ಷಿಪಣಿ ಹೊಡೆಯಲು ಅನುಮತಿ. ಆ ಅನುಮತಿಯ ಹಿಂದೆಯೇ, ನವೆಂಬರ್ 19ರಂದು, ರಷ್ಯಾ ತನ್ನ ಅಣ್ವಸ್ತ್ರ ಪ್ರಯೋಗದ ನಿಯಮಗಳನ್ನು ಸಡಿಲಿಸಿತು. ಉಪಖಂಡದಲ್ಲಿ ನೆಲದ ಮೇಲೆ ಅಳೆದ ಏರಿಕೆಯನ್ನು ಅಲ್ಲಿ ಅಸ್ತ್ರಗಳಲ್ಲಿ ಅಳೆಯಬೇಕು, ಅಷ್ಟೇ ವ್ಯತ್ಯಾಸ.

ಮಿತಿ ಮೀರಿ ಅಸ್ತ್ರ ಪ್ರಯೋಗವಾದರೆ ದೂರವೇ ರಕ್ಷೆಯೆಂಬ ಭರವಸೆ ಧಾರವಾಡದಂಥ ಊರಿಗೂ ಉಳಿದಿಲ್ಲ. 2015ರಲ್ಲಿ ಪಾಕಿಸ್ತಾನ ಪರೀಕ್ಷಿಸಿದ ಶಾಹೀನ್-3ರ ವ್ಯಾಪ್ತಿ 2,750 ಕಿಲೋಮೀಟರ್. ಘಟ್ಟದ ಕೆಳಗೆ ಕಾರವಾರದಲ್ಲಿ ಕದಂಬ ನೌಕಾನೆಲೆಯಿದೆ, ಕಾಳಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಿದೆ, ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಗುರಿಯಾಗುವುದರಿಂದ ಪಾರಾದರೂ ಮಳೆ ಕೈಕೊಡುವುದರಿಂದ ಪಾರಾಗುವಂತಿಲ್ಲ. ಅಮೆರಿಕದ ಹವಾಮಾನ ವಿಜ್ಞಾನಿ ಆ್ಯಲನ್ ರೋಬಾಕ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕಹಾಕಿದಂತೆ, ಉಪಖಂಡದಲ್ಲಿ ಹಿರೋಷಿಮಾದ ಗಾತ್ರದ ನೂರು ಬಾಂಬುಗಳು ನಗರಗಳ ಮೇಲೆ ಬಿದ್ದರೆ ಸುಮಾರು 50 ಲಕ್ಷ ಟನ್ ಮಸಿ ಮೇಲಿನ ವಾತಾವರಣಕ್ಕೇರಿ, ವರ್ಷಗಳ ಕಾಲ ಬಿಸಿಲನ್ನು ತಡೆದು, ಭೂಮಿಯ ಸರಾಸರಿ ಉಷ್ಣತೆಯನ್ನು ಒಂದು ಡಿಗ್ರಿಗೂ ಮಿಕ್ಕಿ ಇಳಿಸಿ, ಮಳೆಯನ್ನು ಕುಗ್ಗಿಸುತ್ತದೆ. ಅಂಥ ಲೆಕ್ಕಗಳಲ್ಲಿ ಎಷ್ಟು ಮಸಿ ಎಷ್ಟೆತ್ತರ ಏರುತ್ತದೆಂಬ ಬಗ್ಗೆ ವಿಜ್ಞಾನಿಗಳಲ್ಲೇ ಮತಭೇದವುಂಟು. ಆದರೂ ಮುಂಗಾರಿಯ ಹೆಸರು, ಹತ್ತಿಗಳನ್ನೂ ಹಿಂಗಾರಿಯ ಜೋಳ, ಕಡಲೆಗಳನ್ನೂ ಮೋಡ ನೋಡಿಯೇ ಬಿತ್ತುವ ನವಲಗುಂದ, ಕುಂದಗೋಳಗಳ ಎರೆಹೊಲದ ರೈತನಿಗೆ ಆ ಲೆಕ್ಕದ ಅರ್ಧ ನಿಜವಾದರೂ ಸಾಕು.

ಈ ಅಪಾಯಗಳನ್ನು ಇಳಿಸುವ ಏರ್ಪಾಡುಗಳು ಕೆಲವಿವೆ. ಉಭಯ ಸೈನ್ಯಗಳ ಕಾರ್ಯಾಚರಣೆ ವಿಭಾಗದ ಮಹಾನಿರ್ದೇಶಕರ ನಡುವೆ ನೇರ ದೂರವಾಣಿಯಿದೆ. 2025ರ ಮೇ 10ರಂದು ಕದನ ನಿಲ್ಲಿಸುವ ಒಪ್ಪಂದಕ್ಕೆ ಬಂದದ್ದು ಅವರ ಮಾತುಕತೆಯಲ್ಲಿಯೇ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಕೂಡದೆಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಸಹಿಯಾಯಿತು. ಕೈಗಾದಂಥ ವಿದ್ಯುತ್ ಸ್ಥಾವರಗಳು ಅದರ ವ್ಯಾಪ್ತಿಗೆ ಬರುತ್ತವೆ. 1992ರಿಂದ ಪ್ರತಿವರ್ಷ ಜನವರಿ 1ರಂದು ದಿಲ್ಲಿ, ಇಸ್ಲಾಮಾಬಾದ್‌ಗಳು ತಂತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಆದ ಮರುವರ್ಷವೂ, ಬಾಲಾಕೋಟ್ ಆದ ಮರುವರ್ಷವೂ ಅದು ನಿಲ್ಲಲಿಲ್ಲ. 2005ರ ಅಕ್ಟೋಬರಿನ ಇನ್ನೊಂದು ಒಪ್ಪಂದದಂತೆ ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಪರೀಕ್ಷಿಸುವ ಮುನ್ನ ನೆರೆಯವರಿಗೆ ತಿಳಿಸಬೇಕು. ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಡ್ರೋನುಗಳಿಗಂತೂ ಅನ್ವಯಿಸುವ ಪ್ರಶ್ನೆಯೇ ಇಲ್ಲ. 2025ರ ಮೇ ತಿಂಗಳ ನಾಲ್ಕು ದಿನಗಳಲ್ಲಿ ಇಂಥ ಆಯುಧಗಳು ಮುಖ್ಯ ಪಾತ್ರ ವಹಿಸಿದುವು.